ದಮ್ಮು ಮತ್ತು ಎತ್ತರ: ಪರ್ವತಾರೋಹಿಗಳನ್ನು ಕಾಡುವ ಕಾಯಿಲೆಯ ಕಾರಣಗಳು

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ರಾಜ್ಯವನ್ನು ತೊರೆದು ಹಿಮವತ್ಪರ್ವತದ ಕಡೆಗೆ ನಡೆಯುತ್ತಾರೆ. ದಾರಿಯಲ್ಲಿ ಮೊದಲು ದ್ರೌಪದಿ, ಅನಂತರ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ, ಹೀಗೆ ಒಬ್ಬೊಬ್ಬರೇ ಕುಸಿದು ಬೀಳುತ್ತಾರೆ. ಬಿದ್ದವರೆಲ್ಲರಿಗೂ ಧರ್ಮರಾಯನು ಒಂದೊಂದು ದೋಷವನ್ನು ಹೇಳುತ್ತಾನೆ. ಒಬ್ಬನಿಗೆ ಜ್ಞಾನದ ಗರ್ವ, ಒಬ್ಬನಿಗೆ ರೂಪದ ಗರ್ವ, ಮತ್ತೊಬ್ಬನಿಗೆ ಬಲದ ಗರ್ವ. ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೇ ಮುಗಿಯುವುದರಿಂದ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಪ್ರಸಂಗದ ಪರಿಚಯ ತರಗತಿಯ ಹೊರಗೇ ಆಗಬೇಕಾಗುತ್ತದೆ.

ಆ ಪ್ರಸಂಗದ ಉದ್ದೇಶ ಧರ್ಮವಿಚಾರವೇ ಹೊರತು ವೈದ್ಯವಿಚಾರವಲ್ಲ. ಆದರೆ ಬೆಟ್ಟದ ದಾರಿಯಲ್ಲಿ ಬಿದ್ದವರಲ್ಲಿ ಏನೋ ಒಂದು ದೋಷವಿದ್ದೇ ಇರಬೇಕೆಂಬ ಭಾವನೆ ಇಂದಿಗೂ ನಮ್ಮಿಂದ ಪೂರ್ತಿ ದೂರವಾಗಿಲ್ಲ. ಎತ್ತರದಲ್ಲಿ ತಲೆನೋವೆಂದವನು ಅಂಜುಬುರುಕ, ವಾಂತಿ ಮಾಡಿಕೊಂಡವನು ದುರ್ಬಲ, ಕೆಳಗಿಳಿದು ಬಂದವನು ಸೋತವನು ಎಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ. ಎತ್ತರದ ಕಾಯಿಲೆಯ ಬಗ್ಗೆ ವೈದ್ಯವಿಜ್ಞಾನವು ಇದುವರೆಗೆ ಕಂಡುಕೊಂಡದ್ದು ಈ ತೀರ್ಮಾನಕ್ಕೆ ತೀರ ವಿರುದ್ಧವಾಗಿದೆ. ಯಾರಿಗೆ, ಯಾವಾಗ, ಏಕೆ ಈ ಕಾಯಿಲೆ ಬರುತ್ತದೆಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಈ ವಿಷಯವು ನಮಗೆ ದೂರದ್ದಲ್ಲ. ಕಂಗ್ಟಿ, ನಾರಾಯಣಖೇಡ, ಜಹೀರಾಬಾದ, ತಾಂಡೂರುಗಳ ಈ ಗಡಿನೆಲ ಸಮುದ್ರಮಟ್ಟದಿಂದ ಸುಮಾರು ಐದಾರು ನೂರು ಮೀಟರ್ ಎತ್ತರದ ಪ್ರಸ್ಥಭೂಮಿ. ಇಲ್ಲಿನ ತರುಣರು ಸೈನ್ಯಕ್ಕೆ ಸೇರಿ ಲಡಾಖಿಗೆ ಹೋಗುತ್ತಾರೆ. ಇಲ್ಲಿನ ಹಿರಿಯರು ಕೇದಾರ, ಅಮರನಾಥಗಳ ಯಾತ್ರೆ ಕೈಗೊಳ್ಳುತ್ತಾರೆ. ನಮ್ಮ ನೆರೆಯ ನಿಜಾಮಾಬಾದ ಜಿಲ್ಲೆಯ ಪಾಕಾಲ ಗ್ರಾಮದ ಲಂಬಾಣಿ ಕುಟುಂಬದ ಬಾಲಕಿ ಮಾಲಾವತ್ ಪೂರ್ಣಾ 2014ರ ಮೇ 25ರಂದು, ಹದಿನಾಲ್ಕು ವರ್ಷ ತುಂಬುವುದಕ್ಕೆ ಮೊದಲೇ, ಎವರೆಸ್ಟ್ ಶಿಖರವನ್ನು ಏರಿದಳು. ಅದಾದ ಮೇಲೆ ನಮ್ಮ ತಾಂಡಾಗಳ ಹೆಣ್ಣುಮಕ್ಕಳಿಗೂ ಹಿಮಾಲಯವು ಪಠ್ಯಪುಸ್ತಕದ ಚಿತ್ರವಾಗಿ ಮಾತ್ರ ಉಳಿದಿಲ್ಲ.

ಗಾಳಿ ಅದೇ, ಒತ್ತಡ ಬೇರೆ

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಕಂಗ್ಟಿಯ ಹೊಲದಲ್ಲಾಗಲಿ, ಎವರೆಸ್ಟಿನ ತುದಿಯಲ್ಲಾಗಲಿ, ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ. ಬದಲಾಗುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಆಗ ಒಂದು ಉಸಿರಿನಲ್ಲಿ ಎದೆಯೊಳಗೆ ಬರುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ. ಲೇಹ್ ಪಟ್ಟಣವಿರುವ 3,500 ಮೀಟರ್ ಎತ್ತರದಲ್ಲಿ ಒತ್ತಡವು ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗದಷ್ಟು. 5,500 ಮೀಟರ್ ಎತ್ತರದಲ್ಲಿ ಅರ್ಧ. ಎವರೆಸ್ಟಿನ ತುದಿಯಲ್ಲಿ ಮೂರರಲ್ಲಿ ಒಂದು ಭಾಗ.

ಈ ಕೊರತೆಯನ್ನು ದೇಹವು ಹಲವು ಹಂತಗಳಲ್ಲಿ ತುಂಬಿಕೊಳ್ಳುತ್ತದೆ. ಮೊದಲ ಗಂಟೆಗಳಲ್ಲೇ ಉಸಿರಾಟವೂ ಎದೆಬಡಿತವೂ ವೇಗಗೊಳ್ಳುತ್ತವೆ. ಹೆಚ್ಚು ಉಸಿರಾಡಿದಾಗ ದೇಹದಿಂದ ಇಂಗಾಲದ ಡೈಆಕ್ಸೈಡು ಹೆಚ್ಚಾಗಿ ಹೊರಹೋಗಿ ರಕ್ತವು ಕ್ಷಾರೀಯವಾಗುತ್ತದೆ. ಈ ಕ್ಷಾರೀಯತೆಯು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಹೆಚ್ಚಿನ ಕ್ಷಾರವನ್ನು ಮೂತ್ರದ ಮೂಲಕ ಹೊರಹಾಕಿದಾಗ ಮಾತ್ರ ಆ ಕಡಿವಾಣ ಸಡಿಲುತ್ತದೆ. ಈ ಕೆಲಸಕ್ಕೆ ಕೆಲವು ದಿನಗಳು ಬೇಕು. ರಕ್ತದ ಕೆಂಪುಕಣಗಳು ಹೆಚ್ಚುವುದಕ್ಕೆ ವಾರಗಳು ಬೇಕು. ಇದೆಲ್ಲವನ್ನೂ ಕೂಡಿಸಿ ‘ಒಗ್ಗಿಕೊಳ್ಳುವುದು’ ಎನ್ನಬಹುದು. ದೇಹವು ಒಗ್ಗಿಕೊಳ್ಳುವ ವೇಗಕ್ಕಿಂತ ನಾವು ಏರುವ ವೇಗ ಹೆಚ್ಚಾದಾಗ ಹುಟ್ಟುವುದೇ ಎತ್ತರದ ಕಾಯಿಲೆ.

ಕಾಯಿಲೆಯ ಮೂರು ರೂಪಗಳು

ಈ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಎತ್ತರದ ಮೇಲೆ ಕಾಣಿಸಿಕೊಳ್ಳುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ ಎರಡು ಸಾವಿರ ಮೀಟರಿಗಿಂತ ಕಡಿಮೆ. ಆದ್ದರಿಂದಲೇ ನಮ್ಮ ಭಾಷೆಯಲ್ಲಿ ಈ ಕಾಯಿಲೆಗೆ ಹಳೆಯ ಹೆಸರಿಲ್ಲ. ಕಾಣದ ರೋಗಕ್ಕೆ ಜನ ಹೆಸರಿಡುವುದಿಲ್ಲ.

ಮೊದಲನೆಯದು ಸಾಮಾನ್ಯ ರೂಪ. ಎತ್ತರಕ್ಕೆ ಹೋದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು ಆರಂಭವಾಗುತ್ತದೆ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ದಣಿವು, ತಲೆಸುತ್ತು ಇರುತ್ತವೆ. ಅಲ್ಲಿಯೇ ನಿಂತು ವಿಶ್ರಾಂತಿ ಪಡೆದರೆ ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ಎರಡನೆಯದು ಮೆದುಳಿನ ಊತ. ಸಾಮಾನ್ಯ ರೂಪವನ್ನು ಕಡೆಗಣಿಸಿ ಮೇಲಕ್ಕೆ ನಡೆದವರಲ್ಲಿ ಇದು ಹೆಚ್ಚು. ಕಾಲು ತಡವರಿಸುತ್ತದೆ, ಮಾತು ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ.

ಮೂರನೆಯದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಒಳಗಿನ ಒತ್ತಡ ಏರುತ್ತದೆ, ನಾಳಗಳಿಂದ ದ್ರವವು ಗಾಳಿಗೂಡುಗಳಿಗೆ ಜಿನುಗುತ್ತದೆ. ಹೆಚ್ಚಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುವ ಇದು ತಲೆನೋವಿಲ್ಲದೆಯೂ ಬರಬಹುದು. ಕೂತಲ್ಲಿಯೇ ಏದುಸಿರು, ಕೆಮ್ಮು, ನೊರೆಗಫ ಇದರ ಗುರುತು. ಎತ್ತರದಲ್ಲಿ ಸಂಭವಿಸುವ ಸಾವುಗಳಲ್ಲಿ ಇದರ ಪಾಲು ದೊಡ್ಡದು. ಹಿಂದೆ ಇದನ್ನು ನ್ಯುಮೋನಿಯಾ ಎಂದೇ ಭಾವಿಸಲಾಗಿತ್ತು. 1960ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂಸ್ಟನ್ ಅವರು ಇದು ಸೋಂಕಲ್ಲ, ಎತ್ತರದ ಪರಿಣಾಮವೆಂದು ಬರೆದ ಮೇಲೆ ವೈದ್ಯಲೋಕದ ಗಮನ ಇತ್ತ ಹರಿಯಿತು.

ಎಲ್ಲಕ್ಕಿಂತ ದೊಡ್ಡ ಕಾರಣ: ವೇಗ

ಈ ಕಾಯಿಲೆಯ ತಿಳಿವಳಿಕೆಯಲ್ಲಿ ಭಾರತದ ಪಾಲು ಹಿರಿದು. ಆದರೆ ಅದು ದುಃಖದಿಂದ ಬಂದ ಪಾಲು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಒಗ್ಗಿಕೊಳ್ಳಲು ಸಮಯವಿಲ್ಲದಂತೆ ಹಿಮಾಲಯದ ನೆತ್ತಿಗೆ ಸಾಗಿಸಬೇಕಾಯಿತು. ಗುಂಡು ತಗಲದೆಯೇ ಅನೇಕರು ಹಾಸಿಗೆ ಹಿಡಿದರು. ಸೇನಾ ವೈದ್ಯರಾದ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಆ ವರ್ಷಗಳಲ್ಲಿ ಇಂಥ ರೋಗಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. 1969ರಲ್ಲಿ ಅವರು ಪ್ರಕಟಿಸಿದ ಅಧ್ಯಯನವೊಂದರಲ್ಲೇ 1,925 ಸೈನಿಕರ ವಿವರಗಳಿವೆ. ಇವರೆಲ್ಲ ಆಯ್ದು ತೆಗೆದ, ಕವಾಯತಿನಲ್ಲಿ ಪಳಗಿದ, ಗಟ್ಟಿಮುಟ್ಟಾದ ಗಂಡಾಳುಗಳು. ದೇಹದಾರ್ಢ್ಯವೇ ರಕ್ಷೆಯಾಗಿದ್ದರೆ ಇವರಿಗೆ ಕಾಯಿಲೆ ಬರಬಾರದಿತ್ತು.

1976ರಲ್ಲಿ ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು ಎವರೆಸ್ಟಿನ ದಾರಿಯಲ್ಲಿರುವ, 4,243 ಮೀಟರ್ ಎತ್ತರದ ಫೆರಿಚೆ ಎಂಬಲ್ಲಿ 278 ಚಾರಣಿಗರನ್ನು ಪರಿಶೀಲಿಸಿದ ವರದಿ ಹೊರಬಂತು. ಅವರಲ್ಲಿ ಶೇಕಡಾ 53 ಜನರಿಗೆ ಕಾಯಿಲೆಯ ಲಕ್ಷಣಗಳಿದ್ದವು. 2,800 ಮೀಟರಿನವರೆಗೆ ವಿಮಾನದಲ್ಲಿ ಬಂದವರಲ್ಲಿ, ಬೇಗ ಏರಿದವರಲ್ಲಿ, ನಡುದಾರಿಯಲ್ಲಿ ಕಡಿಮೆ ರಾತ್ರಿ ತಂಗಿದವರಲ್ಲಿ ಕಾಯಿಲೆ ಹೆಚ್ಚು. ಗಂಡು ಹೆಣ್ಣೆಂಬ ಭೇದ ಕಾಣಲಿಲ್ಲ. ಹೊತ್ತ ಹೊರೆಯ ಭಾರವೂ ಲೆಕ್ಕಕ್ಕೆ ಬರಲಿಲ್ಲ. ಹಿರಿಯರಿಗಿಂತ ಕಿರಿಯರಲ್ಲಿಯೇ ಕಾಯಿಲೆ ಹೆಚ್ಚಾಗಿತ್ತು. ನಮ್ಮ ಸಾಮಾನ್ಯ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಗಲಿನಲ್ಲಿ ಎಷ್ಟು ಎತ್ತರಕ್ಕೆ ಹೋದೆವು ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆವು ಎಂಬುದು ಮುಖ್ಯ. ನಿದ್ರೆಯಲ್ಲಿ ಉಸಿರಾಟ ಇಳಿಯುತ್ತದೆ, ಕೆಲವೊಮ್ಮೆ ಕ್ಷಣಕಾಲ ನಿಂತು ಮತ್ತೆ ಆರಂಭವಾಗುತ್ತದೆ. ರಕ್ತದಲ್ಲಿನ ಆಮ್ಲಜನಕ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಅನುಭವಿಗಳು ಹಗಲು ಮೇಲೆ ಹತ್ತಿ, ರಾತ್ರಿ ಕೆಳಗಿಳಿದು ಮಲಗುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂಬುದು ಇಂದು ವೈದ್ಯರು ಒಪ್ಪಿರುವ ನಿಯಮ. ನಮ್ಮ ಸೇನೆಯೂ ಎತ್ತರದ ಪ್ರದೇಶಕ್ಕೆ ಹೋಗುವ ಸೈನಿಕರನ್ನು ಮೂರು ಹಂತಗಳಲ್ಲಿ ಒಗ್ಗಿಸುತ್ತದೆ: ಮೊದಲ ಹಂತಕ್ಕೆ ಆರು ದಿನ, ಮುಂದಿನ ಎರಡು ಹಂತಗಳಿಗೆ ನಾಲ್ಕು ನಾಲ್ಕು ದಿನ. ರಜೆಯ ಮೇಲೆ ಊರಿಗೆ ಬಂದು ಕೆಲವು ವಾರ ಇದ್ದು ಮರಳುವವರೂ ಮತ್ತೆ ಒಗ್ಗಿಕೊಳ್ಳಬೇಕು. ಹಿಂದೆ ಗಳಿಸಿದ ಹೊಂದಾಣಿಕೆಯನ್ನು ದೇಹವು ಬಹುಕಾಲ ಕೂಡಿಟ್ಟುಕೊಳ್ಳುವುದಿಲ್ಲ.

ಪೂರ್ಣಾಳ ಸಾಧನೆಯನ್ನು ಈ ಬೆಳಕಿನಲ್ಲಿ ಓದಬೇಕು. ಪತ್ರಿಕೆಗಳು ಅವಳ ಧೈರ್ಯವನ್ನು ಕೊಂಡಾಡಿದವು, ಅದು ಯೋಗ್ಯವೇ. ಆದರೆ ಆ ಧೈರ್ಯದ ಹಿಂದೆ ಒಂದು ಕ್ರಮವಿತ್ತು. ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿಯಾದ ಅವಳು ಮೊದಲು ಭುವನಗಿರಿಯ ಬಂಡೆಯ ಮೇಲೆ ಏರುವುದನ್ನು ಕಲಿತಳು. ಆಮೇಲೆ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ, ಅನಂತರ ಲಡಾಖಿನ ಚಳಿಯಲ್ಲಿ ಅಭ್ಯಾಸ. ಖಮ್ಮಂ ಜಿಲ್ಲೆಯ ಸಾಧನಾಪಲ್ಲಿ ಆನಂದಕುಮಾರನೊಡನೆ ಟಿಬೆಟಿನ ಕಡೆಯಿಂದ ಕೈಗೊಂಡ ಎವರೆಸ್ಟ್ ಯಾತ್ರೆಯೊಂದೇ ಐವತ್ತಕ್ಕೂ ಹೆಚ್ಚು ದಿನ ನಡೆಯಿತು. ಶಿಖರದ ಮೇಲೆ ನಿಂತದ್ದು ಕೆಲವು ನಿಮಿಷ; ಅದಕ್ಕೆ ದೇಹವನ್ನು ಸಿದ್ಧಗೊಳಿಸಿದ್ದು ತಿಂಗಳುಗಳು.

ಇದಕ್ಕೆ ಎದುರಾಗಿ ನಮ್ಮ ಯಾತ್ರಿಕರ ಪಯಣವನ್ನು ನೋಡೋಣ. ಹೈದರಾಬಾದಿನಿಂದ ದೆಹಲಿಗೆ, ದೆಹಲಿಯಿಂದ ಒಂದೂವರೆ ಗಂಟೆಯಲ್ಲಿ ಲೇಹ್‌ಗೆ ವಿಮಾನ. 3,583 ಮೀಟರ್ ಎತ್ತರದ ಕೇದಾರಕ್ಕೆ ಕಣಿವೆಯಿಂದ ಕೆಲವೇ ನಿಮಿಷಗಳಲ್ಲಿ ಹೆಲಿಕಾಪ್ಟರ್. ನಡೆಯಲಾರದ ವೃದ್ಧರಿಗೆ ಇದು ಅನುಕೂಲವೆಂದು ತೋರುತ್ತದೆ. ಆದರೆ ಕಾಲಿಗೆ ತಪ್ಪಿಸಿದ ಶ್ರಮವನ್ನು ಎದೆ ಮತ್ತು ಮೆದುಳು ತೆರಬೇಕಾಗುತ್ತದೆ. ಹೀಗೆ ಹೋದವರು ಮೇಲೆ ರಾತ್ರಿ ತಂಗದೆ ದರ್ಶನ ಮುಗಿಸಿ ಇಳಿಯುವುದು ಕ್ಷೇಮ. ಲೇಹ್‌ಗೆ ವಿಮಾನದಲ್ಲಿ ಹೋದವರು ಮೊದಲ ಎರಡು ದಿನ ಊರು ಸುತ್ತದೆ ವಿಶ್ರಾಂತಿ ಪಡೆಯಬೇಕು.

ವ್ಯಕ್ತಿಗೆ ಸೇರಿದ ಕಾರಣಗಳು

ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ಏರಿದ ಇಬ್ಬರಲ್ಲಿ ಒಬ್ಬನಿಗೆ ಕಾಯಿಲೆ ಬಂದು ಇನ್ನೊಬ್ಬನಿಗೆ ಬಾರದಿರಬಹುದು. ಆಮ್ಲಜನಕದ ಕೊರತೆಗೆ ಪ್ರತಿಯೊಬ್ಬರ ದೇಹವೂ ಸ್ಪಂದಿಸುವ ಬಗೆ ಹುಟ್ಟಿನಿಂದಲೇ ಬೇರೆಬೇರೆ. ಸಾವಿರಾರು ವರ್ಷ ಎತ್ತರದಲ್ಲಿ ಬಾಳಿದ ಟಿಬೆಟ್ಟಿನ ಜನರ ವಂಶವಾಹಿಗಳಲ್ಲಿ ಇದಕ್ಕೆ ಅನುಕೂಲವಾದ ಮಾರ್ಪಾಡುಗಳಿರುವುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ಬಯಲುಸೀಮೆಯವರಾದ ನಮಗೆ ಆ ಬಳುವಳಿ ಇಲ್ಲ.

ಹಿಂದೆ ಒಮ್ಮೆ ಕಾಯಿಲೆ ಬಂದಿದ್ದರೆ, ಅದೇ ಎತ್ತರಕ್ಕೆ ಅದೇ ವೇಗದಲ್ಲಿ ಹೋದಾಗ ಮತ್ತೆ ಬರುವ ಸಾಧ್ಯತೆ ಹೆಚ್ಚು. ಶ್ವಾಸಕೋಶದ ರೂಪದ ವಿಷಯದಲ್ಲಂತೂ ಇದು ಬಹಳ ಸ್ಪಷ್ಟ. ಆದರೆ ಹಿಂದೆ ಬರಲಿಲ್ಲವೆಂಬುದು ಮುಂದೆಯೂ ಬಾರದೆಂಬುದಕ್ಕೆ ಆಧಾರವಲ್ಲ. 1953ರಲ್ಲಿ ತೇನ್‌ಸಿಂಗರೊಡನೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರೇ ಅನಂತರದ ವರ್ಷಗಳಲ್ಲಿ ಹಿಮಾಲಯದಲ್ಲಿ ಎತ್ತರದ ಕಾಯಿಲೆಗೆ ತುತ್ತಾಗಿ ಕೆಳಗಿಳಿಯಬೇಕಾಯಿತು.

ಹೃದಯದ ಕಾಯಿಲೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಅಧಿಕ ಒತ್ತಡ, ದೀರ್ಘಕಾಲದ ಶ್ವಾಸಕೋಶದ ರೋಗ, ತೀವ್ರ ರಕ್ತಹೀನತೆ ಇದ್ದವರು ಹೊರಡುವ ಮೊದಲು ವೈದ್ಯರ ಸಲಹೆ ಪಡೆಯಲೇಬೇಕು. ಸಿಕಲ್ ಸೆಲ್ ದೋಷವಿರುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಊರಿನಲ್ಲಿ ಯಾವ ತೊಂದರೆಯೂ ಇಲ್ಲದೆ ಅದನ್ನು ಹೊತ್ತವರಿಗೂ ಎತ್ತರದಲ್ಲಿ ಗುಲ್ಮಕ್ಕೆ ಹಾನಿಯಾಗಬಹುದು. ಹತೋಟಿಯಲ್ಲಿರುವ ಉಬ್ಬಸವು ತಾನಾಗಿಯೇ ಎತ್ತರದ ಕಾಯಿಲೆಯನ್ನು ಹೆಚ್ಚಿಸುವುದಿಲ್ಲ, ಔಷಧಿ ಜೊತೆಗಿರಬೇಕಷ್ಟೆ.

ಒತ್ತಾಸೆ ಕೊಡುವ ಕಾರಣಗಳು

ತಲುಪಿದ ದಿನವೇ ಅತಿಯಾಗಿ ಶ್ರಮಪಡುವುದು ಕಾಯಿಲೆಯನ್ನು ಬರಮಾಡಿಕೊಂಡಂತೆ. ಮದ್ಯ ಮತ್ತು ನಿದ್ರೆಯ ಮಾತ್ರೆಗಳು ರಾತ್ರಿಯ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ನೀರಡಿಕೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ: ನೀರಿನ ಕೊರತೆಯಿಂದಲೂ ತಲೆನೋವು ಬರುವುದರಿಂದ ಸಾಕಷ್ಟು ನೀರು ಕುಡಿಯಬೇಕು, ನಿಜ, ಆದರೆ ಕೊಡಗಟ್ಟಲೆ ಕುಡಿದರೆ ಕಾಯಿಲೆ ಬಾರದೆಂಬುದಕ್ಕೆ ಆಧಾರವಿಲ್ಲ.

ಚಳಿಯೂ ಶ್ವಾಸಕೋಶದ ನಾಳಗಳನ್ನು ಬಿಗಿಗೊಳಿಸುತ್ತದೆ. ಎತ್ತರದಲ್ಲಿ ಅಪಾಯಗಳು ಒಂಟಿಯಾಗಿ ಬರುವುದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ಸಾವಿಗೀಡಾದರು. ಆ ಸಾವುಗಳಿಗೆ ಕಾರಣ ಬಿರುಗಾಳಿ ಮತ್ತು ಚಳಿ. ಅದನ್ನು ಎತ್ತರದ ಕಾಯಿಲೆಯ ಲೆಕ್ಕಕ್ಕೆ ಸೇರಿಸಲಾಗದು. ಆದರೂ ತೆಳುಗಾಳಿಯಲ್ಲಿ ದಣಿದ ದೇಹಕ್ಕೆ ಹವಾಮಾನದ ಆಘಾತವನ್ನು ತಾಳುವ ಮಿಗತೆ ಶಕ್ತಿ ಕಡಿಮೆಯಿರುತ್ತದೆಂಬುದನ್ನು ಚಾರಣಕ್ಕೆ ಹೊರಡುವವರು ಮರೆಯಬಾರದು.

‘ದಮ್ಮು’ ಎಂಬ ಮಾತು

ಮೇಲೆ ಹೇಳಿದವೆಲ್ಲ ದೇಹದ ಕಾರಣಗಳು. ಇವುಗಳಿಗಿಂತ ಕಡಿಮೆಯಲ್ಲದ ಇನ್ನೊಂದು ಕಾರಣವಿದೆ; ಅದು ನಮ್ಮ ಮಾತಿನಲ್ಲೇ ಅಡಗಿದೆ. ಫಾರ್ಸಿಯ ‘ದಮ್’ ಎಂದರೆ ಉಸಿರು. ದಖ್ಖನದ ಭಾಷೆಗಳಿಗೆ ಬಂದ ಮೇಲೆ ಅದು ಹಲವು ಅರ್ಥಗಳನ್ನು ಪಡೆಯಿತು. ನಮ್ಮ ಕನ್ನಡದಲ್ಲಿ ‘ದಮ್ಮು ಹತ್ತಿತು’ ಎಂದರೆ ಏದುಸಿರು ಬಂತು. ‘ದಮ್ಮಿದ್ದರೆ ಬಾ’ ಎಂದರೆ ಧೈರ್ಯವಿದ್ದರೆ ಬಾ. ಉಸಿರು ಮತ್ತು ಧೈರ್ಯ ಎರಡಕ್ಕೂ ಒಂದೇ ಮಾತಾದ್ದರಿಂದ ಉಸಿರು ಸಾಲದವನು ಧೈರ್ಯ ಸಾಲದವನೆಂಬ ಅರ್ಥ ತಾನಾಗಿ ಹುಟ್ಟಿಕೊಳ್ಳುತ್ತದೆ. ಬಯಲಿನ ಕುಸ್ತಿಯ ಕಣದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಇದು ಪ್ರಾಣಕ್ಕೆ ಎರವಾಗಬಹುದು.

ಏಕೆಂದರೆ ಈ ಕಾಯಿಲೆಯ ಮೊದಲ ಲಕ್ಷಣಗಳು ಹೊರಗೆ ಕಾಣುವಂಥವಲ್ಲ. ತಲೆನೋವನ್ನು ನೊಂದವನೇ ಹೇಳಬೇಕು. ತಂಡದಲ್ಲಿ ಹೊರಟವನು ಇತರರಿಗೆ ತಡವಾದೀತೆಂದು, ಕಟ್ಟಿದ ಹಣ ವ್ಯರ್ಥವಾದೀತೆಂದು, ಗೆಳೆಯರು ನಕ್ಕಾರೆಂದು ಮುಚ್ಚಿಡುತ್ತಾನೆ. ದಿನಾಂಕಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಒಬ್ಬರ ಹೆಜ್ಜೆಗೆ ಎಲ್ಲರ ಹೆಜ್ಜೆಯನ್ನು ಕಟ್ಟಿಹಾಕಿದ ತಂಡಗಳಲ್ಲಿ ಈ ಅಪಾಯ ಹೆಚ್ಚು. ಕಾಯಿಲೆ ಮೆದುಳಿಗೆ ತಟ್ಟಿದ ಮೇಲಂತೂ ತನಗೆ ಕಾಯಿಲೆಯಿದೆಯೆಂದು ಅರಿಯುವ ಬುದ್ಧಿಯೇ ಮಂಕಾಗಿರುತ್ತದೆ. ಆಗ ಅವನು ತಾನು ಚೆನ್ನಾಗಿದ್ದೇನೆಂದೇ ವಾದಿಸುತ್ತಾನೆ.

ಇದೇ ಮಾತಿಗೆ ಮರಾಠಿಯಲ್ಲಿ ಇನ್ನೊಂದು ಅರ್ಥವಿದೆ. ನಾನು ಕನ್ನಡ ಮರಾಠಿ ಎರಡನ್ನೂ ಓದಿ ಬೆಳೆದವನು. ನಮ್ಮ ಮರಾಠಿ ಗುರುಗಳು ಪಾಠವನ್ನು ಅವಸರದಿಂದ ಓದಿದ ಹುಡುಗನಿಗೆ ‘ದಮಾನಂ ಘೇ’ ಎನ್ನುತ್ತಿದ್ದರು, ಎಂದರೆ ತಾಳ್ಮೆಯಿಂದ, ನಿಧಾನವಾಗಿ ಮಾಡು. ‘ದಮ್ ಧರ್’ ಎಂದರೆ ತಾಳು, ಕಾಯಿ. ಉಸಿರು, ಧೈರ್ಯ, ತಾಳ್ಮೆ ಮೂರೂ ಒಂದೇ ಶಬ್ದದ ಅರ್ಥಗಳು. ಪರ್ವತವು ನಮ್ಮಿಂದ ಕೇಳುವ ದಮ್ಮು ಈ ಮೂರನೆಯದು.

ಹೊರಡುವವರು ನೆನಪಿಡಬೇಕಾದದ್ದು

ಎತ್ತರದಲ್ಲಿ ಬಂದ ತಲೆನೋವನ್ನು, ಬೇರೆ ಕಾರಣ ಸ್ಪಷ್ಟವಾಗುವವರೆಗೆ, ಎತ್ತರದ ಕಾಯಿಲೆಯೆಂದೇ ಭಾವಿಸಬೇಕು. ಲಕ್ಷಣಗಳಿರುವಾಗ ಇನ್ನೂ ಮೇಲೆ ಮಲಗಲು ಹೋಗಬಾರದು. ನಿಂತಲ್ಲಿಯೇ ಹೆಚ್ಚುತ್ತಿದ್ದರೆ ತಡಮಾಡದೆ ಇಳಿಯಬೇಕು, ರಾತ್ರಿಯಾದರೂ ಬೆಳಗಿಗೆಂದು ಕಾಯಬಾರದು. ಮುನ್ನೂರರಿಂದ ಸಾವಿರ ಮೀಟರ್ ಕೆಳಗಿಳಿದರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಆಮ್ಲಜನಕ, ಔಷಧಿಗಳು, ರೋಗಿಯನ್ನು ಒಳಗೆ ಮಲಗಿಸಿ ಗಾಳಿಯೊತ್ತಡ ಹೆಚ್ಚಿಸುವ ಚೀಲ, ಇವೆಲ್ಲ ಸಮಯವನ್ನು ಗಳಿಸಿಕೊಡುವ ಸಾಧನಗಳು, ಇಳಿಯುವುದಕ್ಕೆ ಬದಲಿಯಲ್ಲ. ಇಳಿಯುವವನನ್ನು ಒಬ್ಬನನ್ನೇ ಎಂದೂ ಕಳುಹಿಸಬಾರದು.

ಗೆಳೆಯನ ಸ್ಥಿತಿಯ ಬಗ್ಗೆ ಸಂಶಯ ಬಂದರೆ ಒಂದು ಸರಳ ಪರೀಕ್ಷೆಯಿದೆ. ಸಮನೆಲದಲ್ಲಿ ಒಂದು ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗುವಂತೆ ಅದರ ಮೇಲೆ ನಡೆಯಲು ಹೇಳಬೇಕು. ಓಲಾಡಿದರೆ, ಬೀಳುವಂತಾದರೆ, ಅವನ ಮಾತನ್ನು ನಂಬದೆ ಕೆಳಗೆ ಕರೆದೊಯ್ಯಬೇಕು. ಕಾಯಿಲೆ ಬಾರದಂತೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ಮೂತ್ರಪಿಂಡಗಳು ಕ್ಷಾರವನ್ನು ಬೇಗ ಹೊರಹಾಕಲು ಅದು ನೆರವಾಗುತ್ತದೆ. ಸಲ್ಫಾ ಔಷಧಿ ಒಗ್ಗದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಗೆಳೆಯನ ಮಾತು ಕೇಳಿ ತಾವಾಗಿ ನುಂಗುವ ಮಾತ್ರೆ ಇದಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಚಾರಣಕ್ಕೆ, ಕೆಲವರು ಸೈನ್ಯಕ್ಕೆ ಹೋಗುವಿರಿ. ಉಳಿದವರ ಮನೆಯಲ್ಲಿ ಕೇದಾರಕ್ಕೋ ಅಮರನಾಥಕ್ಕೋ ಹೊರಟ ಅಜ್ಜ ಅಜ್ಜಿಯರಿದ್ದಾರೆ. ಅವರು ಈ ವಿಷಯವನ್ನು ಇಂಗ್ಲಿಷಿನಲ್ಲಿ ಓದಿ ತಿಳಿಯುವವರಲ್ಲ. ಮಲಗುವ ಎತ್ತರ, ನಿಲ್ಲುವ ದಿನ, ಇಳಿಯುವ ಗಳಿಗೆ, ಈ ಮೂರು ಮಾತುಗಳನ್ನು ಅವರಿಗೆ ಅವರ ಮಾತಿನಲ್ಲಿ ತಿಳಿಹೇಳುವುದು ಕನ್ನಡ ಓದಿದ ನಿಮ್ಮ ಕೆಲಸ. ಬೆಟ್ಟದಿಂದ ಅರ್ಧದಾರಿಯಲ್ಲಿ ಮರಳಿ ಬಂದವರನ್ನು ಕಂಡಾಗ ಅವರಲ್ಲಿ ಯಾವ ದೋಷವಿತ್ತೆಂದು ಹುಡುಕಬೇಡಿರಿ. ಸಕಾಲದಲ್ಲಿ ಇಳಿದು ಬಂದರೆಂದು ಸಂತೋಷಪಡಿರಿ.